ರೀಲಿಗೆ ಜಾವಾ ಮರೂನ್

ವೀಕೆಂಡ್ ಏನ್ಮಾಡ್ದೆ ಅಂತ ಆಫೀಸಲ್ಲಿ ಯಾರಾದ್ರೂ ಕೇಳಿ, ನಾನು ‘ಹಳೇ ರೀಲ್ ಬಿಚ್ಚಿ ಬಣ್ಣ ಹೊಡೆದೆ’ ಅಂದ್ರೆ, ‘ರೀಲ್ ಬಿಡಬೇಡ ಗುರು’ ಅನ್ನೋ ಉತ್ತರ ಗ್ಯಾರಂಟಿ. ಕನ್ನಡದಲ್ಲಿ ಈ ಪದಕ್ಕೆ ಅಂಥದೊಂದು ಅಪಕೀರ್ತಿ ಅಂಟಿಕೊಂಡುಬಿಟ್ಟಿದೆ, ಏನೂ ಮಾಡೋಕಾಗಲ್ಲ. ನಾನು ಹೇಳ್ತಿರೋದು ಗಾಳದ ಕೋಲಿಗೆ ಸಿಕ್ಕಿಸೋ ರೀಲು. ಹಿಡಿ ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತೆ, ಆ ಕಡೆಯಿಂದ ಮೀನು ಜಗ್ಗಿದರೆ ದಾರ ತುಂಡಾಗದ ಹಾಗೆ ಲೆಕ್ಕ ಹಾಕಿ ಬಿಟ್ಟುಕೊಡುತ್ತೆ. ಅಮೆರಿಕ, ಇಂಗ್ಲೆಂಡಿನಲ್ಲಿ ಹಳೇ ರೀಲುಗಳನ್ನು ಬಿಚ್ಚಿ, ತೊಳೆದು, ಬಣ್ಣ ಹೊಡೆದು ಮತ್ತೆ ಜೋಡಿಸೋದನ್ನೇ ಹವ್ಯಾಸ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬಟ್ಟೆ ಕೆಳಗೆ ಕೂತು ಇದನ್ನು ಮಾಡೋರು ಎಷ್ಟು ಜನರೋ ನನಗೆ ಇನ್ನೂ ಸಿಕ್ಕಿಲ್ಲ.

ನಮ್ಮೂರು ಹಲಗೂರಿನ ಕಡೆ. ಅಲ್ಲಿಂದ ಕಾಡೊಳಗೆ ಇಳಿದರೆ ಮುತ್ತತ್ತಿ, ಭೀಮೇಶ್ವರಿ, ಆಮೇಲೆ ಕಾವೇರಿ. ಬೆಂಗಳೂರಿನವರಿಗೆ ಮುತ್ತತ್ತಿ ಅಂದ್ರೆ ಆಂಜನೇಯನ ಗುಡಿ, ಪಿಕ್‌ನಿಕ್ಕು. ಗಾಳ ಹಾಕೋ ಜಗತ್ತಿಗೆ ಮಾತ್ರ ಆ ಬಂಡೆಗಳ ನಡುವಿನ ನೀರು ಒಂದು ತೀರ್ಥಕ್ಷೇತ್ರ. ಮಹಸೀರ್ ಅಂತ ಅವರು ಕರೆಯೋ ಮೀನು ನಮಗೆ ಬಿಳಿಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡಿನ, ಅಂದರೆ ಸುಮಾರು 54 ಕೇಜಿಯ ಮೀನು ಹಿಡಿದಿದ್ದರು. ರಾಜರು ಹೊಡೆದ ಹುಲಿ, ಚಿರತೆಗಳನ್ನು ಜೀವ ಇರೋ ಹಾಗೆ ನಿಲ್ಲಿಸುತ್ತಿದ್ದರಲ್ಲ, ಅದೇ ಮನೆತನ. ಆಮೇಲೆ ಜನ ಈ ಮೀನನ್ನು ಮರೆತೇಬಿಟ್ಟಿದ್ದರು. 1977-78ರಲ್ಲಿ ಮೂವರು ಇಂಗ್ಲಿಷರು ಇದನ್ನು ಹುಡುಕಿಕೊಂಡು ಬಂದರು. ಅವರ ಹಿಂದೆಯೇ ಚಳಿಗಾಲ ಮುಗಿಯೋ ಹೊತ್ತಿಗೆ ವರ್ಷ ವರ್ಷ ಫಾರಿನ್ನೋರು ಬರೋದು ಶುರುವಾಯಿತು, ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಕ್ಯಾಂಪುಗಳಾದವು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು ವಾಪಸ್ ನೀರಿಗೆ ಬಿಡೋದು ಅಲ್ಲಿನ ನಿಯಮ. ಅಷ್ಟು ದುಡ್ಡು ಖರ್ಚು ಮಾಡಿಕೊಂಡು ವಿಮಾನದಲ್ಲಿ ಬಂದು, ಹಿಡಿದಿದ್ದನ್ನ ಬಿಟ್ಟು ಹೋಗ್ತಾರಲ್ಲ ಅಂತ ನಮ್ಮೂರಿನ ಅಜ್ಜಿಯರಿಗೆ ಕೊನೆವರೆಗೂ ಅರ್ಥವಾಗಲಿಲ್ಲ. ಎರೆ ಏನು ಗೊತ್ತಾ? ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆ. ಬಿಳಿಮೀನೂ ಮಂಡ್ಯದ್ದೇ, ಮುದ್ದೆ ಬಿಟ್ಟು ಬೇರೆ ಏನು ತಿಂದೀತು!

ಅಂಥದೊಂದು ಕ್ಯಾಂಪಿನಲ್ಲಿ ನಮ್ಮಪ್ಪ ಗೈಡು. ತೆಪ್ಪ ಹಾಕೋದು, ರಾಗಿ ಉಂಡೆ ಕಟ್ಟೋದು, ಯಾವ ಬಂಡೆ ಹಿಂದೆ ಯಾವ ಹೊತ್ತಿಗೆ ಮೀನು ನಿಲ್ಲುತ್ತೆ ಅಂತ ಹೇಳೋದು, ದಾರ ಬಂಡೆಗೆ ಸಿಕ್ಕಿಕೊಂಡರೆ ಸುಳಿಯ ಪಕ್ಕದಲ್ಲೇ ಹೋಗಿ ಬಿಡಿಸೋದು. ಕ್ಯಾಂಪು ಬರೋಕೆ ಮುಂಚೆ ಆ ನದಿಯಲ್ಲಿ ನಮ್ಮೂರಿನ ಗಂಡಸರು ಏನು ಮಾಡ್ತಿದ್ದರು ಅಂತ ಕೇಳಬೇಡಿ. ಕದ್ದು ಹಿಡಿಯೋದು ಗೊತ್ತಿದ್ದವರನ್ನೇ ಕಾಯೋಕೆ ಇಟ್ಟುಕೊಂಡಿದ್ದು ಆ ಕ್ಯಾಂಪುಗಳು ಮಾಡಿದ ಬುದ್ಧಿವಂತಿಕೆ. ನನ್ನ ಬಿಇ ಫೀಸಿನ ಒಂದು ಭಾಗ ಪೌಂಡ್ ಲೆಕ್ಕದ ಟಿಪ್ಸಿನಲ್ಲಿ ಬಂದಿದ್ದು. 2010 ಕಳೆದ ಮೇಲೆ ಅದೆಲ್ಲ ನಿಂತಿತು. ಅಭಯಾರಣ್ಯದೊಳಗೆ ಗಾಳ ಹಾಕೋದು, ಹಿಡಿದು ವಾಪಸ್ ಬಿಟ್ಟರೂ ಸರಿಯೇ, ಕಾನೂನಿನ ಪ್ರಕಾರ ಬೇಟೆ ಅಂತಾಯಿತು. ಸರಿಯೋ ತಪ್ಪೋ ಅನ್ನೋ ವಾದ ಇನ್ನೂ ನಡೀತಿದೆ, ಎರಡೂ ಕಡೆಗೆ ಓದಿಕೊಂಡವರಿದ್ದಾರೆ. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅದನ್ನು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು. ಅಪ್ಪ ವಾದಕ್ಕೆ ಹೋಗಲಿಲ್ಲ. ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕೋಕೆ ಕೂತರು. ಗೂಡಿನ ರೇಟು ಕೇಳಿದರೆ ಒಂದು ಗಂಟೆ ಮಾತಾಡ್ತಾರೆ, ನದಿ ವಿಷಯ ತೆಗೆದರೆ ‘ಊಟ ಮಾಡ್ಕಂಡ್ ಮಲಿಕ್ಕೊ’ ಅಂತಾರೆ.

ಹಿಂದಿನ ಗೌರಿ ಹಬ್ಬಕ್ಕೆ ಸುಣ್ಣ ಹೊಡೆಯೋಕೆ ಅಂತ ಸಜ್ಜೆ ಖಾಲಿ ಮಾಡಿದಾಗ ಹಳೇ ಲುಂಗಿ ಸುತ್ತಿದ ಈ ರೀಲು ಸಿಕ್ಕಿತು. ಸೀಸನ್ ಮುಗಿಸಿ ಹೋಗುವಾಗ ಒಬ್ಬ ಫಾರಿನ್ನೋನು ಅಪ್ಪನ ಕೈಗೆ ಕೊಟ್ಟು ಹೋಗಿದ್ದು. ಆಂಬಾಸಡರ್ 7000. ನಮ್ಮ ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಸ್ವೀಡನ್ನಿನ ಸ್ವಾಂಗ್‌ಸ್ಟಾ ಅನ್ನೋ ಊರಿನ ಅಬು ಕಂಪನಿಯದ್ದು. 1921ರಲ್ಲಿ ಆ ಕಂಪನಿ ಹುಟ್ಟಿದ್ದು ಗಡಿಯಾರ ಮಾಡೋಕೆ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅದಕ್ಕೆ ಗಿರಾಕಿ ಇಲ್ಲದಂತಾಗಿ ರೀಲಿಗೆ ಇಳಿದರು. 1952ರಲ್ಲಿ ಮೊದಲ ಆಂಬಾಸಡರ್ ಬಂತು. ಒಳಗೆ ಬಿಚ್ಚಿ ನೋಡಿದರೆ ಗಡಿಯಾರದವರ ಕೈ ಅಂತ ಗೊತ್ತಾಗುತ್ತೆ, ಅಷ್ಟು ನಾಜೂಕು. ಕೋಲಿಗೆ ಕೂರುವ ಪಾದದ ಮೇಲೆ 780301 ಅಂತ ಒತ್ತಿತ್ತು. ಮೊದಲ ಎರಡಂಕಿ ವರ್ಷ, ಮುಂದಿನ ಎರಡು ತಿಂಗಳು, ಕೊನೆಯದು ಆ ಮಾಡೆಲಿನ ವರ್ಷನ್ ನಂಬರು. 1978ರ ಮಾರ್ಚ್, ವರ್ಷನ್ ಒಂದು. ನಮ್ಮ ಕೋಡಿಗೂ ಇಷ್ಟು ಶಿಸ್ತಾಗಿ ನಂಬರ್ ಹಾಕೋರಿದ್ದಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು.

ಪಕ್ಕದ ಎರಡೂ ಪ್ಲೇಟುಗಳು ಒಂದು ಕಾಲಕ್ಕೆ ಕಡು ಕೆಂಪು. ಈಗ ಅರ್ಧ ಕೆಂಪು, ಅರ್ಧ ಬೋಳು ಅಲ್ಯೂಮಿನಿಯಂ. ಎಡಗಡೆ ಪ್ಲೇಟಿನ ಅಂಚಲ್ಲಿ ಒಂದು ಜಾಗ ಮಾತ್ರ ಬೆಳ್ಳಿ ಹಾಗೆ ನುಣುಪಾಗಿ ಸವೆದಿತ್ತು. ಅಂಗೈ ಕೂರುವ ಜಾಗ.

‘ಅಪ್ಪ, ಇದು ನಿನ್ನ ಕೈ ಗುರುತಾ?’ ಅಂತ ಕೇಳಿದೆ.

‘ನಂದೆಲ್ಲಿ ಬತ್ತದೆ? ಫಾರಿನ್ನೋರ್ದು ಕಣ್ಲಾ ಅದು. ಮೀನ್ ಸಿಕ್ದಾಗ ಕೋಲು ಅವರ ಕೈಲೇ ಇರೋದು. ನಾನು ತೆಪ್ಪ ಬುಟ್ಟು ಹಿಡ್ಕೊಳಕ್ಕಾಯ್ತದಾ?’

ಬೆಂಗಳೂರಿಗೆ ತಗೊಂಡು ಹೋಗಿ ಸರಿ ಮಾಡ್ಲಾ ಅಂದಿದ್ದಕ್ಕೆ, ‘ಏನಾರ ಮಾಡ್ಕೊ’ ಅಂದರು. ಬಸ್ ಹತ್ತಿಸೋಕೆ ಬಂದಾಗ ಮಾತ್ರ, ‘ಮಾಡೋದಾದ್ರೆ ನೆಟ್ಟಗೆ ಮಾಡು. ಕೆಂಪು ಬರ್ಬೇಕು’ ಅಂದರು.

ಇಲ್ಲಿ ಒಂದು ಜಾತಿ ಜಗಳ ಇದೆ, ಹೇಳಿಬಿಡ್ತೀನಿ. ಹಳೇ ವಸ್ತು ಇಷ್ಟಪಡುವ ನಮ್ಮಂಥ ಪೇಟೆ ಮಂದಿಗೆ ಸವೆತ ಅಂದ್ರೆ ಪ್ರಾಣ. ಬಣ್ಣ ಹೋದದ್ದು ಹೋದ ಹಾಗೇ ಇರಬೇಕು, ಗೀರು ಅಳಿಸಬಾರದು, ಅದೇ ಅದರ ಚರಿತ್ರೆ ಅಂತ ನಮ್ಮ ವಾದ. ಸಂಗ್ರಾಹಕರೂ ಹಾಗೇ, ಮತ್ತೆ ಬಣ್ಣ ಹೊಡೆದ ರೀಲಿಗೆ ಬೆಲೆ ಕಡಿಮೆ. ಆದರೆ ಆ ವಸ್ತುವಿನ ಜೊತೆ ದುಡಿದವರಿಗೆ ಈ ಸವೆತದ ಮೇಲೆ ಯಾವ ವ್ಯಾಮೋಹವೂ ಇರಲ್ಲ. ಅವ್ವ ಬೆಂಗಳೂರಿಗೆ ಬಂದಾಗ ನಮ್ಮ ಹಾಲ್‌ನಲ್ಲಿ ನಾನು ಆಸೆಪಟ್ಟು ಇಟ್ಟಿದ್ದ ಒನಕೆ ನೋಡಿ, ‘ಇದ್ನ ಯಾಕೆ ಇಲ್ಲಿಗಂಟ ಹೊತ್ಕಂಡ್ ಬಂದೆ, ನನ್ ಕೈಯೆಲ್ಲ ಬೊಬ್ಬೆ ಬರ್ತಿತ್ತು ಇದ್ರಲ್ಲಿ’ ಅಂದಿದ್ದರು. ಅಪ್ಪನಿಗೆ ಬೇಕಾಗಿದ್ದು ಕೆಂಪು. ನಾನು ಕೆಂಪಿನ ಬೆನ್ನು ಹತ್ತಿದೆ.

ಮೊದಲ ತೊಂದರೆ ಏನಂದ್ರೆ, ಆ ಕೆಂಪು ಬಣ್ಣವೇ ಅಲ್ಲ. ಅನೋಡೈಸಿಂಗ್. ಅಲ್ಯೂಮಿನಿಯಂ ತುಂಡನ್ನು ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಮುಳುಗಿಸಿ ಕರೆಂಟ್ ಹರಿಸಿದರೆ ಅದರ ಮೈಮೇಲೆ ಆಕ್ಸೈಡಿನ ಪದರ ಬೆಳೆಯುತ್ತೆ. ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಅದಕ್ಕೆ ಡೈ ಕುಡಿಸಿ, ಬಿಸಿನೀರಿನಲ್ಲಿ ತೂತು ಮುಚ್ಚಿಸಿಬಿಟ್ಟರೆ ಬಣ್ಣ ಒಳಗೇ ಉಳಿಯುತ್ತೆ. ಗೋಡೆಗೆ ಪೇಂಟ್ ಹೊಡೆದ ಹಾಗಲ್ಲ, ಕೈಗೆ ಮದರಂಗಿ ಹತ್ತಿದ ಹಾಗೆ. ಮತ್ತೆ ಹಾಗೇ ಮಾಡಿಸೋಣ ಅಂದ್ರೆ ಮೊದಲು ಹಳೇ ಪದರವನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಬೇಕು. ಅದು ಪದರ ಕರಗಿಸಿ ಸುಮ್ಮನಿರಲ್ಲ, ಕೆಳಗಿನ ಲೋಹವನ್ನೂ ತಿನ್ನುತ್ತೆ. ಪ್ಲೇಟಿನ ಮೇಲಿನ ಅಕ್ಷರ ಮಸುಕಾಗುತ್ತೆ, ಕೂದಲೆಳೆ ಲೆಕ್ಕದಲ್ಲಿ ಕೂರಬೇಕಾದ ಅಂಚು ಸಡಿಲವಾಗುತ್ತೆ. ಆದರೂ ಪೀಣ್ಯದಲ್ಲಿ ಎರಡು ಶೆಡ್ಡಿಗೆ ಹೋಗಿ ವಿಚಾರಿಸಿದೆ. ‘ಎಷ್ಟು ಪೀಸ್ ಸರ್?’ ಅಂದರು. ಎರಡು ಅಂದೆ. ‘ಎರಡು ಸಾವಿರಾನಾ?’

ಹಾಗಾಗಿ ಬಣ್ಣವೇ ಗತಿ ಅಂತ ತೀರ್ಮಾನ ಮಾಡಿ ಬಿಚ್ಚೋಕೆ ಕೂತೆ. ಬಿಚ್ಚೋದರಲ್ಲಿ ಮುಖ್ಯ ಇರೋದು ಜೋಡಿಸೋದು. ಹೊಸದಾಗಿ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟೇ: ಒಂದೊಂದು ತಿರುಪು ತೆಗೆದಾಗಲೂ ಮೊಬೈಲಲ್ಲಿ ಫೋಟೋ ತೆಗೀರಿ, ತೆಗೆದ ಕ್ರಮದಲ್ಲೇ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಇಡುತ್ತಾ ಹೋಗಿ. ಸ್ಪ್ರಿಂಗ್ ಇರೋ ಭಾಗಗಳನ್ನು ದೊಡ್ಡ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಿಚ್ಚಿ. ಇಲ್ಲದಿದ್ದರೆ ಮೂರನೇ ಮಹಡಿಯಿಂದ ಹಾರಿದ ಸ್ಪ್ರಿಂಗನ್ನು ಕೆಳಗೆ ನಿಂತ ಕಾರುಗಳ ನಡುವೆ ಹುಡುಕಬೇಕಾಗುತ್ತೆ. ಎಲ್ಲ ಬಿಡಿಭಾಗಗಳೂ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ. ಈಗ ಬೆಂಗಳೂರಲ್ಲಿ ಸೀಮೆಎಣ್ಣೆ ಸಿಗೋದು ಕಷ್ಟ, ಊರಿಂದ ಬಾಟ್ಲಿಯಲ್ಲಿ ತಂದಿದ್ದೆ. ಗ್ರೀಸು ಗಟ್ಟಿಯಾಗಿ ಆಲೆಮನೆಯ ಕೊಪ್ಪರಿಗೆ ತಳದ ಬೆಲ್ಲದ ಹಾಗಾಗಿತ್ತು. ಹಿತ್ತಾಳೆ ಚಕ್ರಗಳಿಗೆ ಹುಣಸೆಹಣ್ಣು, ಉಪ್ಪು. ಇದಕ್ಕಿಂತ ಒಳ್ಳೆ ಮದ್ದಿಲ್ಲ, ಆದರೆ ಉಜ್ಜಿದ ಕೂಡಲೇ ಚೆನ್ನಾಗಿ ತೊಳೆದು ಒರೆಸಿಬಿಡಬೇಕು, ಹುಳಿ ಉಳಿದರೆ ಮತ್ತೆ ಕಪ್ಪಾಗುತ್ತೆ. ಕ್ರೋಮ್ ಭಾಗಗಳ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರು ಹಾಕಿ ಉಜ್ಜಿದರೆ ಸಾಕು. ಕ್ರೋಮ್ ಕಿತ್ತು ಗುಳಿ ಬಿದ್ದಿದ್ದರೆ ಮಾತ್ರ ಮನೆಯಲ್ಲಿ ಏನೂ ಆಗಲ್ಲ.

‘ರೀ, ಇದನ್ನ ಇಷ್ಟೆಲ್ಲ ಸರಿ ಮಾಡಿ ಏನ್ಮಾಡ್ತೀರಾ? ಅಲ್ಲಿ ಮೀನು ಹಿಡಿಯೋ ಹಾಗೇ ಇಲ್ವಲ್ಲ’ ಅಂದಳು ನನ್ನ ಹೆಂಡತಿ, ಸಿಂಕಿನ ಹತ್ತಿರ ನಿಂತು, ತನ್ನ ಹುಣಸೆಹಣ್ಣಿನ ಡಬ್ಬಿ ಕಡೆ ನೋಡುತ್ತಾ. ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಾನು ಹಲ್ಲುಜ್ಜೋ ಬ್ರಶ್ಶಿನಿಂದ ಚಕ್ರ ಉಜ್ಜುತ್ತಾ ಕೂತಿದ್ದೆ.

ಈ ರೀಲಿನ ಮುಂದುಗಡೆ ದಾರ ಹಾದುಹೋಗುವ ಒಂದು ಕಣ್ಣಿದೆ. ಹಿಡಿ ತಿರುಗಿಸಿದಾಗ ಅದು ಎಡಕ್ಕೂ ಬಲಕ್ಕೂ ಓಡಾಡಿ ದಾರ ಒಂದೇ ಕಡೆ ಗುಡ್ಡೆಯಾಗದ ಹಾಗೆ ಸಮನಾಗಿ ಹಾಸುತ್ತೆ. ಅದರ ಕೆಳಗೊಂದು ಸರಳು, ಅದರ ಮೈಮೇಲೆ ಎರಡು ದಿಕ್ಕಿಗೂ ಸುತ್ತಿಕೊಂಡು ಹೋಗೋ ಕಾಲುವೆ. ಕಣ್ಣನ್ನೂ ಸರಳನ್ನೂ ಜೋಡಿಸೋದು ಒಂದೇ ಒಂದು ಚಿಕ್ಕ ತುಂಡು, ಹುಣಸೆಬೀಜಕ್ಕಿಂತ ದೊಡ್ಡದಲ್ಲ. ಅದರ ನಾಲಿಗೆ ಕಾಲುವೆಯಲ್ಲಿ ಜಾರುತ್ತಾ ಹೋಗಿ, ಕೊನೆ ಬಂದಾಗ ತಿರುಗಿ ವಾಪಸ್ ಬರುತ್ತೆ. ಆ ತುಂಡು ಸವೆದರೆ ಇಡೀ ರೀಲು ಕೆಲಸಕ್ಕೆ ಬರಲ್ಲ. ಕೆಳಗಿನ ಮುಚ್ಚಳ ತಿರುಗಿಸಿ ಅದನ್ನು ಅಂಗೈಗೆ ಬೀಳಿಸಿಕೊಂಡೆ. ಸ್ವೀಡನ್ನಿನದ್ದಲ್ಲ. ನಾಲಿಗೆಯ ಒಂದು ಪಕ್ಕ ಕೊಂಚ ದಪ್ಪ, ಮೈಮೇಲೆ ಅರ ಉಜ್ಜಿದ ಗೆರೆಗಳು, ತಲೆಯ ಕಡೆ ಹಳೇ ಬೋಲ್ಟಿನ ಒಂದೆರಡು ಸುತ್ತು ಥ್ರೆಡ್ ಇನ್ನೂ ಉಳಿದಿತ್ತು.

ರಾತ್ರಿ ಫೋನ್ ಮಾಡಿದೆ.

‘ಹೂಂ, ನಾನೇ ಮಾಡಿದ್ದು’ ಅಂದರು ಅಪ್ಪ. ‘ಪಂಪ್‌ಸೆಟ್ಟಿಂದು ಹಿತ್ತಾಳೆ ಬೋಲ್ಟ್. ಸೀಸನ್ನಲ್ಲಿ ಕೆಟ್ಟೋಯ್ತು, ಅದ್ರ ಪಾರ್ಟು ಎಲ್ ಸಿಗ್ತದೆ? ಎರಡು ರಾತ್ರಿ ಆಯ್ತು. ಕಬ್ಬಿಣದಲ್ಲಿ ಮಾಡ್ಬಾರ್ದು, ಸರಳು ತಿಂದಾಕ್ತದೆ.’

ಹಿಂದಿನಿಂದ ಅವ್ವನ ದನಿ: ‘ಎರಡು ರಾತ್ರಿ ಅಲ್ಲ, ಮೂರು! ಕುಯ್ ಕುಯ್ ಅಂತ ಉಜ್ಜಿ ಉಜ್ಜಿ ಮಕ್ಕಳ ನಿದ್ದೆ ಕೆಡಿಸಿದ್ದು.’

ಕಬ್ಬಿಣದಲ್ಲಿ ಮಾಡಬಾರದು ಅನ್ನೋದು ಎಂಜಿನಿಯರಿಂಗ್ ಓದಿದವರು ಸುಲಭವಾಗಿ ದಾಟಿಹೋಗೋ ಮಾತಲ್ಲ. ಒಟ್ಟಿಗೆ ಉಜ್ಜಾಡೋ ಎರಡು ಭಾಗಗಳಲ್ಲಿ, ಬದಲಿಸೋಕೆ ಸುಲಭ ಇರೋದನ್ನು ಮೆದು ಲೋಹದಲ್ಲಿ ಮಾಡಬೇಕು. ಅದು ಸವೆಯಲಿ, ದುಬಾರಿಯದು ಉಳಿಯಲಿ. ನಮಗೆ ಇದನ್ನು ಮೂರನೇ ಸೆಮಿಸ್ಟರಿನಲ್ಲಿ ಹೇಳಿಕೊಟ್ಟಿದ್ದರು, ಅಷ್ಟೇನೂ ಚೆನ್ನಾಗಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮನುಷ್ಯನಿಗೆ ಯಾರು ಹೇಳಿಕೊಟ್ಟರು ಅಂತ ಕೇಳಿದೆ. ‘ಏತದ ಗಡಗಡೆ ನೋಡಿಲ್ವಾ?’ ಅಂದರು.

ಕಂಪನಿಯ ಹೊಸ ತುಂಡು ಆರ್ಡರ್ ಮಾಡಿದರೆ ಹೊರದೇಶದಿಂದ ತಿಂಗಳೊಳಗೆ ಬರುತ್ತೆ. ತರಿಸ್ಲಾ ಅಂದೆ.

‘ತಿರುಗ್ತದಾ ಈಗ?’

‘ತಿರುಗ್ತದೆ.’

‘ಹಂಗಾರೆ ಇರ್ಲಿ ಬುಡು. ಬಣ್ಣದ್ ಏನ್ಮಾಡ್ದೆ?’

ಬಣ್ಣಕ್ಕೆ ಜೆ.ಸಿ. ರೋಡು. ಹೊರಗಿನ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ತಗೊಂಡು ಹೋಗಿ, ಕಾರು ಬೈಕಿನ ಬಣ್ಣ ಬೆರೆಸಿಕೊಡೋ ಅಂಗಡಿಯಲ್ಲಿ ಒಳಮೈಯಲ್ಲಿ ಮಾಸದೆ ಉಳಿದಿದ್ದ ಕೆಂಪು ತೋರಿಸಿದೆ. ವಯಸ್ಸಾದವರೊಬ್ಬರು ಕನ್ನಡಕ ಹಣೆಗೇರಿಸಿ, ಪ್ಲೇಟನ್ನು ಬೀದಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ‘ಜಾವಾ ಮರೂನ್’ ಅಂದರು, ಸುಮ್ಮನೆ. ಕ್ಯಾಟಲಾಗ್ ತೆಗೆಯಲಿಲ್ಲ. 1961ರಿಂದ ಮೈಸೂರಿನ ಫ್ಯಾಕ್ಟರಿಯಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿತ್ತು, 1996ರಲ್ಲಿ ಬಾಗಿಲು ಹಾಕಿತು. ಬೈಕುಗಳನ್ನು ಇವತ್ತಿಗೂ ಜೋಪಾನ ಮಾಡಿಕೊಂಡಿರೋರು ಇರೋದರಿಂದ ಆ ಮರೂನ್ ಬೆರೆಸೋದು ಇಂಥ ಅಂಗಡಿಗಳಲ್ಲಿ ಬಾಯಿಪಾಠ. ಬೆರೆಸಿ, ಸ್ಪ್ರೇ ಡಬ್ಬಿಗೆ ತುಂಬಿಸಿಕೊಟ್ಟರು. ಒಂದು ಹನಿ ಕಪ್ಪು ಜಾಸ್ತಿ ಹಾಕಿದ್ದೀನಿ, ಒಣಗಿದ ಮೇಲೆ ಸರಿಹೋಗುತ್ತೆ ಅಂದರು. ಸರಿಹೋಯಿತು.

ಅಲ್ಯೂಮಿನಿಯಮ್ಮಿಗೆ ಬಣ್ಣ ನೇರವಾಗಿ ಹಿಡಿಯಲ್ಲ, ಉಗುರು ತಾಗಿದರೆ ಸಿಪ್ಪೆ ಹಾಗೆ ಎದ್ದು ಬರುತ್ತೆ. ಮೊದಲು 400 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಹೊಳಪೆಲ್ಲ ತೆಗೀಬೇಕು, ಆಮೇಲೆ 600. ಗೀರುಗಳು ಮಾಯ. ಎಡಗಡೆಯ ಆ ಬೆಳ್ಳಿ ನುಣುಪಿನ ಜಾಗವೂ. ಅದನ್ನು ಉಜ್ಜುವಾಗ ಕೈ ಒಂದು ಸಲ ನಿಂತಿದ್ದು ನಿಜ. ಯಾರೋ ನನಗೆ ಗೊತ್ತಿಲ್ಲದ ಮನುಷ್ಯನೊಬ್ಬ, ನಮ್ಮ ನದಿಯಲ್ಲಿ ನಿಂತು, ಜೀವಮಾನದ ಮೀನನ್ನು ಹಿಡಿದುಕೊಂಡಿದ್ದ ಜಾಗ ಅದು. ಆಮೇಲೆ ಜಿಡ್ಡಿನ ಗುರುತೂ ಇಲ್ಲದ ಹಾಗೆ ಆಲ್ಕೋಹಾಲಿನಲ್ಲಿ ಒರೆಸಿ, ಲೋಹವನ್ನು ಕಚ್ಚಿ ಹಿಡಿಯೋ ಎಚ್ ಪ್ರೈಮರ್ ಒಂದು ತೆಳು ಕೋಟು. ಒಳಗಿನ ಅಂಚಿಗೆಲ್ಲ ಮಾಸ್ಕಿಂಗ್ ಟೇಪು ಹಾಕಲೇಬೇಕು. ಅಲ್ಲಿ ಬಣ್ಣದ ದಪ್ಪ ಸೇರಿದರೂ ಪ್ಲೇಟು ಫ್ರೇಮಿನೊಳಗೆ ಕೂರಲ್ಲ.

ಬೆಂಗಳೂರಿನ ಬಾಲ್ಕನಿಯಲ್ಲಿ ಸ್ಪ್ರೇ ಮಾಡೋಕೆ ಎರಡು ಶತ್ರು: ಧೂಳು, ಮತ್ತೆ ಮಳೆಗಾಲದ ತೇವ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಲ್ಯಾಕರ್ ಹೊಡೆದರೆ ಮೇಲೆ ಹಾಲಿನ ಮಂಜು ಕೂತ ಹಾಗೆ ಬೆಳ್ಳಗಾಗುತ್ತೆ. ಎರಡು ಭಾನುವಾರ ಮೋಡ ನೋಡುತ್ತಲೇ ಕಳೆದೆ. ಮೂರನೇ ಭಾನುವಾರ ಬಿಸಿಲು ಬಂತು. ವಾಷಿಂಗ್ ಮಷೀನ್ ಬಂದಿದ್ದ ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿ, ಒಳಗೆ ನೀರು ಚಿಮುಕಿಸಿ ಧೂಳು ಕೂರಿಸಿ, ಪ್ಲೇಟುಗಳನ್ನು ಹಂಚಿಕಡ್ಡಿಗೆ ಸಿಕ್ಕಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೊಡೆದೆ. ಒಂದೇ ಸಲಕ್ಕೆ ಕೆಂಪು ಮಾಡಿಬಿಡಬೇಕು ಅನ್ನೋ ಆಸೆ ಬರುತ್ತೆ, ತಡೆದುಕೊಳ್ಳಬೇಕು. ಮೊದಲ ಕೋಟು ಬರೀ ಹನಿ ಹನಿ. 10-15 ನಿಮಿಷ ಬಿಟ್ಟು ಇನ್ನೊಂದು. ಹೀಗೆ ಐದು. ಮೇಲೆ ಕ್ಲಿಯರ್ ಎರಡು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಂದು ವಾರ ಜೋಡಿಸಬಾರದು. ಟೆರೇಸಿನಲ್ಲಿ ಹಪ್ಪಳದ ಪಕ್ಕ ಬಿಸಿಲಿಗೆ ಇಟ್ಟು ಇಟ್ಟು ತಂದೆ. ಆ ವಾರ ಆಫೀಸಿನಲ್ಲಿ ಒಂದು ರಿಲೀಸ್ ಇತ್ತು. ಏನು ರಿಲೀಸ್ ಮಾಡಿದೆವು ಅಂತ ಈಗ ನೆನಪಿಲ್ಲ.

ಅಪ್ಪ ರೀಲನ್ನು ಕೈಗೆ ತಗೊಂಡವರೇ ಬಣ್ಣ ನೋಡಲಿಲ್ಲ. ಕಿವಿ ಹತ್ತಿರ ಹಿಡಿದು ಹಿಡಿ ತಿರುಗಿಸಿದರು. ಆಮೇಲೆ ಕ್ಲಿಕ್ಕರ್ ಒತ್ತಿ ಸ್ಪೂಲನ್ನು ಹೆಬ್ಬೆರಳಿನಿಂದ ತಳ್ಳಿದರು, ಕಿರ್ರ್ ಅಂತು. ಒಳಗೆ ಹೋಗಿ ಎಲ್ಲಿಂದಲೋ ಅರ್ಧ ಕೋಲು ತಂದರು. ಪೂರ್ತಿ ಕೋಲು ಇಷ್ಟು ವರ್ಷ ಇಟ್ಟಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ, ಇನ್ನರ್ಧ ಅವ್ವ ಅವರೆ ಬಳ್ಳಿಗೆ ಊರಿದ್ದಳಂತೆ. ನಾನು ತಂದಿದ್ದ ನೈಲಾನ್ ದಾರ ಸುತ್ತಿದರು. ಅಪ್ಪ ಉಜ್ಜಿದ ಆ ತುಂಡು ದಾರವನ್ನು ಎಡಕ್ಕೆ ಬಲಕ್ಕೆ ಎಳೆದುಕೊಂಡು ಹೋಗಿ ಮಟ್ಟಸವಾಗಿ ಹಾಸಿತು. ಎಡಗಡೆ ಮೂಲೆಯಲ್ಲಿ ಮಾತ್ರ ಒಂದು ಕ್ಷಣ ತಡೆದು ತಿರುಗುತ್ತೆ, ದಪ್ಪ ನಾಲಿಗೆಯ ಪ್ರಭಾವ.

‘ತುದಿ ಹಿಡ್ಕಂಡ್ ಓಡು’ ಅಂದರು.

‘ಎಲ್ಲಿಗೆ?’

‘ಬೀದಿಗೆ. ಮೀನು ಎಲ್ಲಿಗ್ ಓಡ್ತದೆ ಅಂತ ಕೇಳ್ಕಂಡ್ ಓಡ್ತದಾ?’

ಮೂವತ್ತಾರು ವರ್ಷದ ನಾನು ದಾರದ ತುದಿ ಮುಂಗೈಗೆ ಸುತ್ತಿಕೊಂಡು ಜಗಲಿಯಿಂದ ಇಳಿದು ಹಾಲಿನ ಡೈರಿ ಕಡೆ ಓಡಿದೆ. ಹಿಂದೆ ಕಿರ್ರ್ ಅಂತ ಸದ್ದು. ಹತ್ತು ಮಾರು ಹೋಗೋಷ್ಟರಲ್ಲಿ ಎಳೆತ ಬಿಗಿಯಾಯಿತು, ನಕ್ಷತ್ರದಂಥ ಚಕ್ರ ತಿರುಗಿಸಿ ಬಿಗಿ ಮಾಡ್ತಿದ್ದರು. ಬಿಟ್ಟರು, ಮತ್ತೆ ಹಿಡಿದರು. ‘ಬಲಕ್ಕೆ ಹೋಗು, ಬಂಡೆ ಹಿಂದಕ್ಕೆ!’ ಅಂತ ಕೂಗಿದರು. ಬಂಡೆ ಅಂದರೆ ಯಾರದೋ ಟ್ರ್ಯಾಕ್ಟರ್ ಟ್ರೈಲರು. ನಾನು ಅದರ ಹಿಂದೆ ಹೋದೆ. ಅಪ್ಪ ಜಗಲಿಯಿಂದ ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಬಂದು, ಕೋಲು ಮೇಲೆತ್ತಿ, ದಾರ ಟ್ರೈಲರಿಗೆ ತಾಗದ ಹಾಗೆ ನನ್ನನ್ನು ಹೊರಗೆ ಎಳೆದುಕೊಂಡರು. ಬೀದಿ ಮಕ್ಕಳೆಲ್ಲ ಸೇರಿದ್ದವು. ಆಮೇಲೆ ಪ್ರತಿಯೊಂದಕ್ಕೂ ಒಂದೊಂದು ಸರದಿ ಮೀನಾಗಬೇಕಾಯಿತು. ಒಬ್ಬ ಹುಡುಗ ಮಾತ್ರ ದಾರ ಬಿಟ್ಟು ಮನೆಗೆ ಓಡಿಹೋದ. ‘ಅದು ತಪ್ಪಿಸ್ಕಂತು’ ಅಂದರು ಅಪ್ಪ.

ಇದೆಲ್ಲ ನೋಡುತ್ತಾ ಹಿಂದಿನ ಬೀದಿಯ ಚಿಕ್ಕಪ್ಪ ನಿಂತಿದ್ದರು. ರಕ್ತಸಂಬಂಧ ಏನಿಲ್ಲ, ಅಪ್ಪನ ಜೊತೆ ಅದೇ ಕ್ಯಾಂಪಿನಲ್ಲಿ ತೆಪ್ಪ ಹಾಕುತ್ತಿದ್ದವರು. ರೀಲು ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು, ಏನೂ ಮಾತಾಡದೆ ಹೋದರು. ನಾನು ಬಸ್ಸಿಗೆ ಹೊರಡೋ ಹೊತ್ತಿಗೆ ಗೊಬ್ಬರದ ಚೀಲದಲ್ಲಿ ಏನೋ ಹಿಡಕೊಂಡು ಬಂದರು. ಫ್ರಾನ್ಸಿನ ಮಿಚೆಲ್ 300. ದಾರ ಹಿಡಿಯೋ ತಂತಿಯ ಸ್ಪ್ರಿಂಗ್ ತುಂಡಾಗಿದೆ, ಹಿಡಿ ಅಲ್ಲಾಡೋಲ್ಲ, ಬಣ್ಣ ಚಕ್ಕೆ ಚಕ್ಕೆ ಎದ್ದಿದೆ.

‘ಚಿಕ್ಕಪ್ಪ, ಇದರ ಬಣ್ಣ ಕಪ್ಪು. ಕಪ್ಪೇ ಹೊಡೀಬೇಕು, ಇಲ್ಲಾಂದ್ರೆ ಚೆನ್ನಾಗಿರಲ್ಲ’ ಅಂದೆ.

‘ಕಪ್ಪು ಬ್ಯಾಡ ಮಗ. ನಿಮ್ಮಪ್ಪಂಗೆ ಹೊಡ್ದಿದ್ದೀಯಲ್ಲ, ಅದೇ ಇರ್ಲಿ.’

ಡಬ್ಬಿಯಲ್ಲಿ ಇನ್ನೂ ಕಾಲು ಭಾಗ ಬಣ್ಣ ಮಿಕ್ಕಿದೆ.